ಕಾಣದ ಕೆಲಸಕ್ಕೆ ಆಪ್ಷನ್ ಎಂಟ್ರಿ

ಸಿ.ಇ.ಟಿ. ಫಲಿತಾಂಶ ಬಂದ ಮೇಲಿನ ಕೆಲವು ವಾರ ಬಸವಕಲ್ಯಾಣದ, ಹುಮನಾಬಾದಿನ ಆನ್‌ಲೈನ್ ಸೆಂಟರ್‌ಗಳಲ್ಲಿ ಕೂರಲು ಸ್ಟೂಲು ಸಿಗುವುದು ಕಷ್ಟ. ಪಹಣಿ ತೆಗೆಸುವವರು, ಜಾತಿ-ಆದಾಯ ಪತ್ರಕ್ಕೆ ಅರ್ಜಿ ಹಾಕುವವರು, ಬೆಳೆವಿಮೆ ಕಟ್ಟುವವರು, ಇವರ ನಡುವೆ ಹೊಸ ಗಿರಾಕಿಗಳು ಬಂದು ನಿಲ್ಲುತ್ತಾರೆ: ಪ್ಲಾಸ್ಟಿಕ್ ಫೈಲನ್ನು ಎದೆಗವಚಿಕೊಂಡ ಹುಡುಗ ಅಥವಾ ಹುಡುಗಿ, ಬೆನ್ನ ಹಿಂದೆ ಅಪ್ಪ, ಒಮ್ಮೊಮ್ಮೆ ಜೊತೆಗೆ ಊರಿನ ತಿಳಿದ ಕಾಕಾ. ಪರೀಕ್ಷಾ ಪ್ರಾಧಿಕಾರದ ಪುಟ ತೆರೆದುಕೊಳ್ಳುತ್ತದೆ. ಅಪ್ಪನ ಮೊಬೈಲಿಗೆ ಒ.ಟಿ.ಪಿ. ಬರುತ್ತದೆ. ಅಪ್ಪ ಕನ್ನಡಕ ಹುಡುಕಿ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳುತ್ತಾನೆ. ಆಮೇಲೆ ಕೀಲಿಮಣೆಯ ಮುಂದೆ ಕೂತವನ ಪ್ರಶ್ನೆ: ‘ಮೊದ್ಲು ಸಿ.ಎಸ್. ಹಾಕ್ಲೇನು?’

ಹುಡುಗ ಅಪ್ಪನ ಮುಖ ನೋಡುತ್ತಾನೆ. ಅಪ್ಪ ಕಾಕಾನ ಮುಖ ನೋಡುತ್ತಾನೆ. ‘ಹಾಕ್ರಿ, ಎಲ್ಲಾರೂ ಅದನ್ನೇ ಹಾಕ್ಲತ್ತಾರ’ ಎಂದು ಕಾಕಾ ಅಪ್ಪಣೆ ಕೊಡುತ್ತಾನೆ.

ಮುಂದಿನ ಅರ್ಧ ಗಂಟೆಯಲ್ಲಿ ಬೆಂಗಳೂರಿನ ಹೆಸರಾಂತ ಕಾಲೇಜುಗಳ ಕಂಪ್ಯೂಟರ್ ಸೈನ್ಸ್, ಆಮೇಲೆ ಇನ್ಫರ್ಮೇಷನ್ ಸೈನ್ಸ್, ಆಮೇಲೆ ಈಗೀಗ ಬಂದ ಕೃತಕ ಬುದ್ಧಿಮತ್ತೆಯ ಶಾಖೆ, ಆಮೇಲೆ ಕಲಬುರಗಿ, ಬೀದರ್, ಭಾಲ್ಕಿ, ಕೊನೆಗೆ ಬಸವಕಲ್ಯಾಣ, ಹೀಗೆ ಪಟ್ಟಿ ಇಳಿಯುತ್ತಾ ಬರುತ್ತದೆ. ಅಣಕು ಸೀಟು ಹಂಚಿಕೆ ಬಂದಾಗ ಮತ್ತೊಮ್ಮೆ ಬಂದು ಪಟ್ಟಿಯನ್ನು ಮೇಲೆ ಕೆಳಗೆ ಮಾಡುವುದುಂಟು. ನಿಜವಾದ ಹಂಚಿಕೆಯ ನಂತರ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಒತ್ತಬೇಕು. ಸಿಕ್ಕಿದ್ದೇ ಸಾಕು ಎಂಬುದು ಒಂದನೆಯದು. ಸಿಕ್ಕಿದ್ದು ಇರಲಿ, ಇನ್ನೂ ಒಳ್ಳೆಯದಕ್ಕೆ ಕಾಯುತ್ತೇನೆ ಎಂಬುದು ಎರಡನೆಯದು. ಇದು ಬೇಡ, ಮುಂದಿನ ಸುತ್ತು ನೋಡೋಣ ಎಂಬುದು ಮೂರನೆಯದು. ಈ ಸಹವಾಸವೇ ಬೇಡ ಎಂಬುದು ನಾಲ್ಕನೆಯದು. ನಲವತ್ತು ವರ್ಷದ ದುಡಿಮೆಯ ದಿಕ್ಕು ಗೊತ್ತಾಗುವ ಈ ಕೆಲಸಕ್ಕೆ ಸೆಂಟರಿನವರು ತೆಗೆದುಕೊಳ್ಳುವುದು ಒಂದೆರಡು ಊಟದ ಖರ್ಚಿನಷ್ಟು.

ವಿದ್ಯಾರ್ಥಿಗಳು ಕಂಪ್ಯೂಟರ್ ಕ್ಷೇತ್ರವನ್ನು ಏಕೆ ಆರಿಸಿಕೊಳ್ಳುತ್ತಾರೆ ಎಂಬುದು ವಿಶ್ವವಿದ್ಯಾಲಯಗಳಲ್ಲಿ ಹಳೆಯ ಸಂಶೋಧನಾ ವಿಷಯ. 1994ರಲ್ಲಿ ರಾಬರ್ಟ್ ಲೆಂಟ್, ಸ್ಟೀವನ್ ಬ್ರೌನ್, ಗೇಲ್ ಹ್ಯಾಕೆಟ್ ಎಂಬ ಮೂವರು ಅಮೆರಿಕದ ಮನೋವಿಜ್ಞಾನಿಗಳು ಇದಕ್ಕೊಂದು ಚೌಕಟ್ಟು ಕಟ್ಟಿದರು. ಅವರ ಲೆಕ್ಕದಲ್ಲಿ ಮುಖ್ಯವಾದವು ಮೂರು: ಇದು ನನ್ನಿಂದ ಆದೀತು ಎಂಬ ನಂಬಿಕೆ, ಆದರೆ ಏನು ದಕ್ಕೀತು ಎಂಬ ನಿರೀಕ್ಷೆ, ಇವೆರಡರಿಂದ ಹುಟ್ಟುವ ಆಸಕ್ತಿ ಮತ್ತು ಗುರಿ. ಸುತ್ತಲಿನ ಅಡ್ಡಿ, ಆಸರೆಗಳನ್ನೂ ಅವರು ಮರೆಯಲಿಲ್ಲ. ಅಲ್ಲಿಂದೀಚೆಗೆ ಪ್ರಪಂಚದ ಎಷ್ಟೋ ಕಡೆ ಇದೇ ಅಳತೆಗೋಲು ಹಿಡಿದು ಪ್ರಶ್ನಾವಳಿಗಳನ್ನು ಹಂಚಲಾಗಿದೆ. ಚೌಕಟ್ಟಿನಲ್ಲಿ ದೋಷವಿಲ್ಲ. ತೊಂದರೆ ಇರುವುದು ಪ್ರಶ್ನಾವಳಿ ತುಂಬುವ ಹೊತ್ತಿನಲ್ಲಿ. ಮೂರನೆಯ ಸೆಮಿಸ್ಟರಿನ ತರಗತಿಯಲ್ಲಿ ಕೂತ ಹುಡುಗಿಗೆ ‘ಈ ಕ್ಷೇತ್ರವನ್ನು ಏಕೆ ಆರಿಸಿಕೊಂಡಿರಿ’ ಎಂದು ಕೇಳಿದರೆ ಅವಳು ‘ಆಸಕ್ತಿ’ ಎಂಬ ಚೌಕಕ್ಕೇ ಗುರುತು ಹಾಕುತ್ತಾಳೆ. ಕಾಕಾ ಹೇಳಿದ ಎಂಬ ಚೌಕ ಅಲ್ಲಿರುವುದಿಲ್ಲ. ಇದ್ದರೂ ಅದಕ್ಕೆ ಗುರುತು ಹಾಕಲು ಯಾರಿಗೆ ಮನಸ್ಸಾದೀತು?

ಬಸವಕಲ್ಯಾಣದ ಆಟೋನಗರಕ್ಕೆ ಒಮ್ಮೆ ಹೋಗಿಬಂದರೆ ಈ ‘ಆಸಕ್ತಿ’ಯ ಮಾತು ಬೇರೆಯಾಗಿ ಕೇಳಿಸುತ್ತದೆ. ಊರು ಲಾರಿಗಳಿಗೆ ಹೆಸರಾದದ್ದು. ಬರಿಯ ಚಾಸಿಯಾಗಿ ಬಂದ ಲಾರಿಗೆ ಇಲ್ಲಿ ಕ್ಯಾಬಿನ್ ಕೂರುತ್ತದೆ, ಮರ ಮತ್ತು ತಗಡಿನ ಬಾಡಿ ಏಳುತ್ತದೆ, ಬಣ್ಣ ಬರುತ್ತದೆ, ಹಿಂದಿನ ಹಲಗೆಯ ಮೇಲೆ ಶಾಯರಿಯೂ ಬರುತ್ತದೆ. ಬೆಸುಗೆಯ ಕಿಡಿ ನೋಡುತ್ತಾ ಬೆಳೆದ ಹುಡುಗನಿಗೆ ಆ ಕೆಲಸದ ಒಳ್ಳೆಯದೂ ಗೊತ್ತು, ಕೆಟ್ಟದ್ದೂ ಗೊತ್ತು. ಮಾಮಾನ ಕಣ್ಣು ಸಂಜೆಗೆ ಕೆಂಪಾಗುವುದು, ಮೇಸ್ತ್ರಿಗೆ ಎಷ್ಟು ಸಿಗುತ್ತದೆ, ಮಳೆಗಾಲದಲ್ಲಿ ಕೆಲಸ ಎಷ್ಟು ಇಳಿಯುತ್ತದೆ, ಎಲ್ಲವೂ ಅವನಿಗೆ ಪಾಠ ಮಾಡದೆ ಬಂದ ವಿದ್ಯೆ. ಅವನು ಆ ಕೆಲಸ ಒಲ್ಲೆ ಎಂದರೆ ನೋಡಿ, ತೂಗಿ ಒಲ್ಲೆ ಎನ್ನುತ್ತಾನೆ. ಆದರೆ ಅದೇ ಹುಡುಗ ಸಾಫ್ಟ್‌ವೇರ್ ಬೇಕು ಎಂದಾಗ ಅವನು ನೋಡಿರುವುದು ಕೆಲಸವನ್ನಲ್ಲ, ಕೆಲಸ ಮಾಡುವವನು ಹಬ್ಬಕ್ಕೆ ಬಂದಾಗ ತಂದ ಕಾರನ್ನು.

ವೇದಿಕೆಯ ಮೇಲೆ ಬಸವಕಲ್ಯಾಣದ ಹೆಸರು ಹೇಳಿದ ಕೂಡಲೇ ಕಾಯಕದ ಮಾತು ಬರುವುದು ವಾಡಿಕೆ. ವಚನಕಾರರ ಹೆಸರಿನಲ್ಲೇ ಕಸುಬು ಇತ್ತು ನಿಜ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ. ಆದರೆ ಈ ಬರಹದ ವಿಷಯಕ್ಕೆ ಹತ್ತಿರವಾದದ್ದು ಬಸವಣ್ಣನವರ ಉದ್ಯೋಗವೇ. ಅವರು ಬಿಜ್ಜಳನ ಆಸ್ಥಾನ ಸೇರಿದ್ದು ಕರಣಿಕರಾಗಿ ಎಂದು ಪರಂಪರೆ ಹೇಳುತ್ತದೆ, ಭಂಡಾರಿಯಾದದ್ದು ಆಮೇಲೆ. ಲೆಕ್ಕ ಬರೆಯುವುದು, ಹಳೆಯ ದಾಖಲೆ ಓದುವುದು, ತಪ್ಪು ಹುಡುಕುವುದು, ಇವು ಕರಣಿಕನ ನಿತ್ಯದ ಕೆಲಸ. ರಾಜಧಾನಿಯಲ್ಲಿ ಮಾಹಿತಿ ಬಲ್ಲವನಿಗೆ ಬೆಲೆ ಎಂಬುದು ಕಲ್ಯಾಣಕ್ಕೆ ಹೊಸ ಸುದ್ದಿಯೇನಲ್ಲ. ರಾಜಧಾನಿ ಮಾತ್ರ ಜಾಗ ಬದಲಿಸಿದೆ.

ಬದಲಿಸಿದ್ದು ಒಮ್ಮೆಲೇ ಅಲ್ಲ. ಈ ಭಾಗದ ಮೊದಲ ದೊಡ್ಡ ಇಂಜಿನಿಯರಿಂಗ್ ಕಾಲೇಜು, ಕಲಬುರಗಿಯ ಪಿ.ಡಿ.ಎ., 1958ರದ್ದು. ಎಂಬತ್ತರ ದಶಕ ಬಂದಾಗ ಬೀದರ್, ಭಾಲ್ಕಿಗಳಲ್ಲೂ ಖಾಸಗಿ ಸಂಸ್ಥೆಗಳ ಕಾಲೇಜುಗಳು ಎದ್ದವು. ಬಸವಕಲ್ಯಾಣಕ್ಕೂ ಒಂದು ದಕ್ಕಿತು. ಆಗ ಇಂಜಿನಿಯರ್ ಎಂದರೆ ಮನೆಯವರ ಕಣ್ಣಿಗೆ ಬರುತ್ತಿದ್ದುದು ಲೋಕೋಪಯೋಗಿ ಇಲಾಖೆಯ ಜೀಪು. ಕಾರಂಜಾ, ಮುಲ್ಲಾಮಾರಿ, ಚುಳಕಿನಾಲಾ ನೀರಾವರಿ ಯೋಜನೆಗಳ ಕಾಮಗಾರಿ ಕಣ್ಣೆದುರೇ ನಡೆಯುತ್ತಿತ್ತು, ಸಿವಿಲ್ ಇಂಜಿನಿಯರ್ ಏನು ಮಾಡುತ್ತಾನೆ ಎಂಬುದು ಹೊಲದಲ್ಲಿ ನಿಂತವನಿಗೂ ಗೊತ್ತಿತ್ತು. ಆ ಕಾಲೇಜುಗಳಲ್ಲಿ ಹೊರ ರಾಜ್ಯದ ಹುಡುಗರು ಬಂದು ತುಂಬಿಕೊಂಡರು. ಕ್ಯಾಪಿಟೇಷನ್ ಶುಲ್ಕದ ಗದ್ದಲ ಎಷ್ಟಾಯಿತೆಂದರೆ 1984ರಲ್ಲಿ ಕರ್ನಾಟಕ ಅದನ್ನು ತಡೆಯಲು ಕಾಯ್ದೆಯನ್ನೇ ಮಾಡಬೇಕಾಯಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು 1985ರಲ್ಲಿ. ಆ ಸುದ್ದಿಗೂ ಹುಮನಾಬಾದಿಗೂ ಆಗ ಯಾವ ಸಂಬಂಧವೂ ಇರಲಿಲ್ಲ.

ಸಂಬಂಧ ಹುಟ್ಟಿದ್ದು ಬೆಂಗಳೂರಿನಿಂದಲ್ಲ, ಹೈದರಾಬಾದಿನಿಂದ. 1998ರ ನವೆಂಬರ್‌ನಲ್ಲಿ ಪ್ರಧಾನಿ ವಾಜಪೇಯಿ ಹೈಟೆಕ್ ಸಿಟಿಯ ಸೈಬರ್ ಟವರ್ಸ್ ಉದ್ಘಾಟಿಸಿದರು. ಬೀದರ್ ಜಿಲ್ಲೆಯ ಪಾಲಿಗೆ ಆ ಜಾಗದ ಮಹತ್ವ ಭೂಗೋಳದ್ದು. ಪುಣೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 65 ಬಸವಕಲ್ಯಾಣದ ಹತ್ತಿರದ ಸಸ್ತಾಪುರ ಬಂಗ್ಲಾ ದಾಟಿ, ಹುಮನಾಬಾದ್ ಮುಟ್ಟಿ, ಜಹೀರಾಬಾದ್ ಹಾದು ಹೈದರಾಬಾದಿನ ಪಶ್ಚಿಮ ಬಾಗಿಲಿನಿಂದಲೇ ಒಳಗೆ ಹೋಗುತ್ತದೆ. ಪಟಾನ್‌ಚೆರು, ಮಿಯಾಪುರ, ಕೂಕಟಪಲ್ಲಿ, ಅಮೀರ್‌ಪೇಟ್. ಕಂಪನಿಗಳು ಎದ್ದದ್ದೂ ಅದೇ ಪಶ್ಚಿಮದ ದಿಕ್ಕಿನಲ್ಲಿ. ಹುಮನಾಬಾದಿನಿಂದ ನೂರೈವತ್ತು ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ಇಳಿಯಬಹುದು. ಸ್ವಂತ ರಾಜ್ಯದ ರಾಜಧಾನಿಯಾದರೋ ಆರು ನೂರು ಕಿಲೋಮೀಟರಿಗೂ ಆಚೆ, ಒಂದು ಇಡೀ ರಾತ್ರಿಯ ಪ್ರಯಾಣ.

ಅಮೀರ್‌ಪೇಟ್ ಎಂಬ ಹೆಸರನ್ನು ಇಲ್ಲಿ ನಿಧಾನವಾಗಿ ಹೇಳಬೇಕು. ಈ ಭಾಗದ ಎಷ್ಟೋ ಪದವೀಧರರ ನಿಜವಾದ ವಿಶ್ವವಿದ್ಯಾಲಯ ಅದು. ಮೈತ್ರಿವನಂ ಸುತ್ತಲಿನ ಓಣಿಗಳಲ್ಲಿ ಗೋಡೆ ಕಾಣದಷ್ಟು ಬೋರ್ಡುಗಳು: ಜಾವಾ, ಒರಾಕಲ್, ಟೆಸ್ಟಿಂಗ್, ಪೈಥಾನ್, ಕ್ಲೌಡ್. ಯಾವ ವರ್ಷ ಯಾವ ಬೋರ್ಡು ದೊಡ್ಡದಾಗಿದೆ ಎಂದು ನೋಡಿದರೆ ಆ ವರ್ಷದ ಮಾರುಕಟ್ಟೆ ತಿಳಿಯುತ್ತದೆ. ಮೆಕ್ಯಾನಿಕಲ್ ಮುಗಿಸಿದವನೂ, ಬಿ.ಎಸ್‌ಸಿ. ಮುಗಿಸಿದವಳೂ ಅಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ನಾಲ್ಕೈದು ಜನ ಸೇರಿ ಒಂದು ಕೋಣೆ, ಸಂಜೆ ಕರಿಪಾಯಿಂಟ್‌ನಿಂದ ತಂದ ಪಲ್ಯ, ಕುಕ್ಕರಿನ ಅನ್ನ. ತೆಲುಗು ಬಾರದಿದ್ದರೂ ಅಡ್ಡಿಯಿಲ್ಲ; ಬಸವಕಲ್ಯಾಣದ ಹುಡುಗನಿಗೆ ದಖನಿ ಉರ್ದು ಬರುತ್ತದೆ, ಹೈದರಾಬಾದಿನಲ್ಲಿ ಅಷ್ಟು ಸಾಕು. ಬೆಂಗಳೂರಿನಲ್ಲಿ ತನ್ನ ಕನ್ನಡ ಕೇಳಿ ‘ನೀವು ಎಲ್ಲಿಯವರು’ ಎಂದು ಕೇಳುವವರನ್ನು ಎದುರಿಸುವುದಕ್ಕಿಂತ ಇದೇ ಹಗುರ ಎನ್ನುವವರೂ ಇದ್ದಾರೆ. ಈ ಕಡೆಯಿಂದ ಪುಣೆಗೆ ಹೋದವರಿಗೆ ಮರಾಠಿ ಹಾಗೆಯೇ ಕೈಹಿಡಿಯುತ್ತದೆ. ವೃತ್ತಿ ಆಯ್ಕೆಯ ಅಧ್ಯಯನಗಳಲ್ಲಿ ‘ನೆಲೆಯ ಪ್ರಭಾವ’ ಎಂದು ಒಂದು ಸಾಲಿನಲ್ಲಿ ಮುಗಿಯುವುದು ಇಲ್ಲಿ ಹೆದ್ದಾರಿ, ಭಾಷೆ, ಅಣ್ಣನ ಕೋಣೆ ಎಂದು ಮೂರಾಗಿ ಒಡೆಯುತ್ತದೆ. ಮೂರರಲ್ಲಿ ಅಣ್ಣನ ಕೋಣೆಯೇ ಹೆಚ್ಚು ತೂಗುತ್ತದೆ. ಒಬ್ಬ ಹೋಗಿ ನೆಲೆಯೂರಿದರೆ ಅವನ ಹಿಂದೆ ತಮ್ಮ, ಸೋದರತ್ತೆಯ ಮಗ, ಪಕ್ಕದ ಮನೆಯವನು. ಒಂದು ಊರಿನಲ್ಲಿ ಇಂಥ ಒಬ್ಬನಿದ್ದು ಪಕ್ಕದ ಊರಿನಲ್ಲಿ ಇಲ್ಲದಿದ್ದರೆ ಹತ್ತು ವರ್ಷದಲ್ಲಿ ಎರಡೂ ಊರಿನ ಮನೆಗಳು ಬೇರೆಯಾಗಿ ಕಾಣತೊಡಗುತ್ತವೆ.

ರೈಲು ತಡವಾಗಿ ಬಂತು. ಹುಮನಾಬಾದ್ ಮೂಲಕ ಹಾಯುವ 110 ಕಿಲೋಮೀಟರ್‌ಗಳ ಬೀದರ್-ಕಲಬುರಗಿ ಮಾರ್ಗ ಪೂರ್ಣವಾಗಿ ತೆರೆದದ್ದು 2017ರ ಅಕ್ಟೋಬರ್ 29ರಂದು. ಬಸವಕಲ್ಯಾಣಕ್ಕೆ ಈಗಲೂ ರೈಲಿಲ್ಲ.

ಇನ್ನೊಂದು ಸಂಗತಿ ಬೀದರ್ ಜಿಲ್ಲೆಯ ವಿಶೇಷ. ಇಲ್ಲಿ ಕಂಪ್ಯೂಟರ್ ಎಷ್ಟೋ ಮನೆಗಳಲ್ಲಿ ಮೊದಲ ಆಸೆಯಲ್ಲ, ಎರಡನೆಯದು. 1989ರಲ್ಲಿ ಅಬ್ದುಲ್ ಖದೀರ್ ಬೀದರ್‌ನಲ್ಲಿ ಸಣ್ಣದಾಗಿ ಆರಂಭಿಸಿದ ಶಾಹೀನ್ ವಿದ್ಯಾಸಂಸ್ಥೆ ವೈದ್ಯಕೀಯ ಪ್ರವೇಶದ ತರಬೇತಿಗೆ ದೇಶದ ಬೇರೆ ಕಡೆಯವರೂ ಬರುವಷ್ಟು ಬೆಳೆಯಿತು. ನೀಟ್ ಫಲಿತಾಂಶದ ದಿನ ಜಿಲ್ಲೆಯ ರಸ್ತೆಗಳಲ್ಲಿ ಏಳುವ ಫ್ಲೆಕ್ಸುಗಳ ಮೇಲೆ ಮುಖ ಬರುವುದು ಭಾವಿ ಡಾಕ್ಟರುಗಳದ್ದು. ಹಾಗಾಗಿ ಚುರುಕು ಮಕ್ಕಳು ಪಿ.ಯು.ಸಿ.ಯಲ್ಲಿ ಪಿ.ಸಿ.ಎಂ.ಬಿ. ಹಿಡಿಯುತ್ತಾರೆ, ಡಾಕ್ಟರಿಕೆಯ ಬಾಗಿಲೂ ಇರಲಿ, ಇಂಜಿನಿಯರಿಂಗ್ ಬಾಗಿಲೂ ಇರಲಿ ಎಂದು. ಕಂಪ್ಯೂಟರ್ ವಿಜ್ಞಾನವನ್ನೇ ವಿಷಯವಾಗಿ ಓದುವ ಪಿ.ಸಿ.ಎಂ.ಸಿ.ಗೆ ಹೋಗುವವರು ಒಂದು ಬಾಗಿಲು ಮುಚ್ಚಿಕೊಂಡವರು ಎಂದೇ ಎಣಿಕೆ. ಇದರ ಫಲ ವಿಚಿತ್ರ. ಎರಡು ವರ್ಷ ಜೀವಕೋಶ, ಸಸ್ಯವರ್ಗ ಉರುಹೊಡೆದವಳು ನೀಟ್‌ನಲ್ಲಿ ಸೀಟು ತಪ್ಪಿದ ಮೇಲೆ ಕಂಪ್ಯೂಟರ್ ಸೈನ್ಸಿಗೆ ಬರುತ್ತಾಳೆ, ಮೊದಲ ಪ್ರೋಗ್ರಾಂ ಬರೆಯುವುದು ಹದಿನೆಂಟನೆಯ ವಯಸ್ಸಿನಲ್ಲಿ. ಅವಳನ್ನು ಕೇಳಿದರೂ ‘ಆಸಕ್ತಿ’ ಎಂದೇ ಬರೆಯುತ್ತಾಳೆ. ಒಂದು ವರ್ಷದ ಹೊತ್ತಿಗೆ ಅದು ನಿಜವೂ ಆಗಿರಬಹುದು.

ಬಸವಕಲ್ಯಾಣದ ಸಹಾಯಕ ಆಯುಕ್ತರ ಕಚೇರಿಗೂ ಈ ವಿಷಯಕ್ಕೂ ನಂಟಿದೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371-ಜೆ ವಿಧಿಯ ಅಡಿಯಲ್ಲಿ 2013ರಲ್ಲಿ ಮೀಸಲಾತಿ ಆದೇಶಗಳು ಹೊರಟವು. ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಇಲ್ಲಿನ ಮಕ್ಕಳಿಗೆ. ರಾಜ್ಯದ ಉಳಿದ ಕಡೆ ನೂರಕ್ಕೆ 8. ಇದಕ್ಕೆ ಬೇಕಾದ ಅರ್ಹತಾ ಪತ್ರ ಉಪವಿಭಾಗದ ‘ಎ.ಸಿ. ಆಫೀಸಿ’ನಿಂದ ಬರಬೇಕು. ಗ್ರಾಮೀಣ ಶೇ. 15, ಕನ್ನಡ ಮಾಧ್ಯಮ ಶೇ. 5 ಎಂಬ ಇನ್ನೆರಡು ಪತ್ರಗಳೂ ಫೈಲಿನಲ್ಲಿದ್ದರೆ ಬೆಂಗಳೂರಿನ ಒಳ್ಳೆಯ ಕಾಲೇಜಿನ ಸಿ.ಎಸ್. ಸೀಟು, ಅದೇ ರ್‍ಯಾಂಕಿನ ಬೇರೆ ಜಿಲ್ಲೆಯವನಿಗೆ ಸಿಗದ್ದು, ಹುಲಸೂರಿನ ರೈತನ ಮಗನಿಗೆ ಸಿಗಬಹುದು. ಸಿಕ್ಕಿದೆ ಕೂಡ. ಈ ಒಂದು ವಿಧಿ ಮಾಡಿದ ಕೆಲಸವನ್ನು ಯಾವ ವೃತ್ತಿ ಮಾರ್ಗದರ್ಶನ ಶಿಬಿರವೂ ಮಾಡಿಲ್ಲ.

ಆದರೆ ಅದೇ ವಿಧಿ ಇನ್ನೊಂದು ಕಡೆಗೂ ಎಳೆಯುತ್ತದೆ. ಇಲ್ಲಿನ ಸರ್ಕಾರಿ ಹುದ್ದೆಗಳಲ್ಲಿ ‘ಸಿ’ ವರ್ಗದಲ್ಲಿ ಶೇ. 80, ‘ಡಿ’ ವರ್ಗದಲ್ಲಿ ಶೇ. 85 ಸ್ಥಳೀಯರಿಗೇ. ಸಾಫ್ಟ್‌ವೇರ್ ಕಂಪನಿಯ ಗೇಟಿನಲ್ಲಿ 371-ಜೆ ಪತ್ರ ತೋರಿಸುವಂತಿಲ್ಲ. ತಹಶೀಲ್ ಕಚೇರಿಯ ನೇಮಕಾತಿಯಲ್ಲಿ ತೋರಿಸಬಹುದು. ಹಾಗಾಗಿ ಕಂಪ್ಯೂಟರ್ ಪದವಿ ಓದುವವರಲ್ಲಿ ಒಂದು ದೊಡ್ಡ ಭಾಗ ಒಂದು ಕಣ್ಣನ್ನು ಎಫ್.ಡಿ.ಎ., ಪಿ.ಡಿ.ಒ., ಪಿ.ಎಸ್.ಐ. ಪರೀಕ್ಷೆಗಳ ಮೇಲೆ ಇಟ್ಟುಕೊಂಡೇ ಓದುತ್ತದೆ. ‘ಪದವಿ ಆಗಿರಬೇಕು’ ಎನ್ನುವ ಕಡೆ ಬಿ.ಇ. ಕೂಡ ಪದವಿ, ಬಿ.ಸಿ.ಎ. ಕೂಡ ಪದವಿ. ಕಂಪನಿ ಸಿಕ್ಕರೆ ಕಂಪನಿ, ಇಲ್ಲದಿದ್ದರೆ ಧಾರವಾಡದಲ್ಲಿ ಕೋಣೆ ಹಿಡಿದು ಪರೀಕ್ಷಾ ತಯಾರಿ. ಹೊರಗಿನವರಿಗೆ ಇದು ಗೊಂದಲವಾಗಿ ಕಂಡೀತು. ಮಳೆಯನ್ನು ನಂಬಿ ತೊಗರಿಯ ಜೊತೆ ಉದ್ದನ್ನೂ ಬಿತ್ತುವ ಮನೆಯಲ್ಲಿ ಹುಟ್ಟಿದವರಿಗೆ ಇದರಲ್ಲಿ ಗೊಂದಲವೇನೂ ಕಾಣುವುದಿಲ್ಲ.

ಹೆಣ್ಣುಮಕ್ಕಳ ಮಾತು ಬೇರೆಯಾಗಿಯೇ ಹೇಳಬೇಕಾದದ್ದು, ಏಕೆಂದರೆ ಇಲ್ಲಿ ಪಶ್ಚಿಮದ ಪುಸ್ತಕಗಳು ಕೈಕೊಡುತ್ತವೆ. ಅಮೆರಿಕದಲ್ಲಿ 1984ರ ಸುಮಾರಿಗೆ ಕಂಪ್ಯೂಟರ್ ಪದವಿ ಪಡೆದವರಲ್ಲಿ ಹೆಣ್ಣುಮಕ್ಕಳು ನೂರಕ್ಕೆ 37. ಮುಂದೆ ಅದು 18ರ ಆಸುಪಾಸಿಗೆ ಕುಸಿಯಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜೇನ್ ಮಾರ್ಗೋಲಿಸ್ ಮತ್ತು ಅಲನ್ ಫಿಶರ್ ಇದರ ಕಾರಣ ಹುಡುಕಿ 2002ರಲ್ಲಿ ಪುಸ್ತಕ ಬರೆದರು. ಅವರು ಕಂಡ ಮುಖ್ಯ ಸಂಗತಿ: ಎಂಬತ್ತರ ದಶಕದಲ್ಲಿ ಮನೆಗೆ ಬಂದ ಕಂಪ್ಯೂಟರ್ ಹುಡುಗನ ಕೋಣೆ ಸೇರಿತು. ಕಾಲೇಜಿಗೆ ಬರುವ ಹೊತ್ತಿಗೆ ಹುಡುಗರು ಪಳಗಿದ್ದರು, ಹುಡುಗಿಯರು ತಾವು ಹಿಂದುಳಿದವರೆಂದು ಮೊದಲ ವಾರದಲ್ಲೇ ಅಂದುಕೊಂಡರು. ಪ್ರವೇಶದ ರೀತಿ, ಮೊದಲ ವರ್ಷದ ಪಾಠ ಬದಲಿಸಿದ ಮೇಲೆ ಆ ವಿಭಾಗಕ್ಕೆ ಸೇರುವ ಹೆಣ್ಣುಮಕ್ಕಳು 1995ರ ಶೇ. 7ರಿಂದ 2000ಕ್ಕೆ ಶೇ. 42ಕ್ಕೆ ಏರಿದರು.

ಹುಮನಾಬಾದಿನಲ್ಲಿ ಆ ಸಮಸ್ಯೆ ಹುಟ್ಟಲೇ ಇಲ್ಲ. ಕಾರಣ ಸುಲಭ: ಕಂಪ್ಯೂಟರ್ ಯಾರ ಕೋಣೆಗೂ ಬರಲಿಲ್ಲ. ತಮ್ಮನಿಗೂ ಇರಲಿಲ್ಲ, ಅಕ್ಕನಿಗೂ ಇರಲಿಲ್ಲ. 2016ರ ನಂತರ ಅಗ್ಗದ ಡೇಟಾ ಜೊತೆ ಮೊಬೈಲ್ ಬಂತು, ಕೀಲಿಮಣೆ ಬರಲಿಲ್ಲ. ಕಾಲೇಜಿನ ಮೊದಲ ಲ್ಯಾಬಿನಲ್ಲಿ ಇಬ್ಬರೂ ಒಂದೇ ಬೆರಳಿನಿಂದ ಟೈಪ್ ಮಾಡುತ್ತಾರೆ. ಬಡತನ ಕೊಟ್ಟ ಈ ಸಮಾನತೆಯನ್ನು ಹೊಗಳುವಂತಿಲ್ಲ, ಕಡೆಗಣಿಸುವಂತೆಯೂ ಇಲ್ಲ. ಮಲೇಷ್ಯಾದಲ್ಲಿ ವಿವಿಯನ್ ಲಾಗೆಸೆನ್ ಎಂಬ ನಾರ್ವೆಯ ಸಂಶೋಧಕಿ ಕಂಡದ್ದೂ ಇದಕ್ಕೆ ಹತ್ತಿರ. ಅಲ್ಲಿ ಕಂಪ್ಯೂಟರ್ ತರಗತಿಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ನೆರಳಿನಲ್ಲಿ, ಕಟ್ಟಡದೊಳಗೆ ಕೂತು ಮಾಡುವ ಮರ್ಯಾದೆಯ ಕೆಲಸ ಎಂಬ ಎಣಿಕೆ ಅವರ ಮನೆಗಳದ್ದು. ಇಲ್ಲಿನ ತಾಯಂದಿರ ಮಾತೂ ಅದೇ: ‘ಬಿಸಲಾಗ ನಿಂದ್ರೋ ಕೆಲ್ಸ ಅಲ್ಲ, ನಮ್ಮ ಹುಡಿಗಿಗಿ ಅದೇ ಛಲೋ.’ ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ, ಔಷಧ ಕಾರ್ಖಾನೆಗಳಿವೆ, ಮನೆಯಿಂದ ಹೋಗಿಬರುವಷ್ಟು ಹತ್ತಿರ. ಆದರೂ ಪಾಳಿ ಕೆಲಸಕ್ಕೆ ಕಳಿಸಲು ಒಪ್ಪದ ಮನೆ ಬೆಂಗಳೂರಿನ ಪಿ.ಜಿ.ಗೆ ಕಳಿಸಲು ಒಪ್ಪುತ್ತದೆ. ಎಷ್ಟೋ ಸಲ ಆ ಒಪ್ಪಿಗೆಯ ಅವಧಿ ಮದುವೆಯವರೆಗೆ ಮಾತ್ರ. ಕೆಲಸದಲ್ಲಿರುವ ಹುಡುಗಿಗೆ ಕೆಲಸದಲ್ಲಿರುವ ವರ ಸಿಗುತ್ತಾನೆ ಎಂಬ ಲೆಕ್ಕವೂ ಒಳಗಿರುತ್ತದೆ. ಅದನ್ನು ಹುಡುಗಿಯರು ಬಲ್ಲರು, ಬಲ್ಲರೆಂದೇ ಬೇಗ ಸೇರಲು ಹಟ ಹಿಡಿಯುತ್ತಾರೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಪುಕ್ಕಟೆಯಾಯಿತು. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನಲ್ಲಿ ಚಿಟಗುಪ್ಪದಿಂದ, ರಾಜೇಶ್ವರದಿಂದ ಕಾಲೇಜಿಗೆ ಬರುವ ಹುಡುಗಿಗೆ ಇದರಿಂದ ಉಳಿಯುವುದು ಬಸ್ ಪಾಸಿನ ದುಡ್ಡಷ್ಟೇ ಅಲ್ಲ. ‘ದಿನಾ ಅಷ್ಟು ದೂರ ಯಾಕ’ ಎಂಬ ಮನೆಯ ವಾದಕ್ಕೆ ಇದ್ದ ಒಂದು ಆಧಾರ ಬಿದ್ದುಹೋಯಿತು.

ಭಾಷೆಯ ಪ್ರಶ್ನೆಗೆ ಬಂದರೆ ಭಾಲ್ಕಿಯನ್ನು ನೆನೆಯಬೇಕು. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಾಗ ಕನ್ನಡಕ್ಕೆ ಮುಂದೆ ಬಂದ ಕೆಲವೇ ಕಾಲೇಜುಗಳಲ್ಲಿ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಕಾಲೇಜೂ ಒಂದು. ಬಂದ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟೂ ಕಷ್ಟ. ಕನ್ನಡದ ಮೇಲಿನ ಪ್ರೀತಿ ಕಡಿಮೆಯಾದದ್ದರಿಂದ ಹೀಗಾಯಿತು ಎಂದು ಭಾಷಣ ಮಾಡಿದವರಿದ್ದಾರೆ. ಇಂಜಿನಿಯರಿಂಗ್ ಓದನ್ನು ಇಲ್ಲಿನ ಮನೆಗಳು ಇಂಗ್ಲಿಷ್ ಕಲಿಯುವ ದಾರಿಯೆಂದೇ ಕೊಳ್ಳುತ್ತಿವೆ ಎಂಬುದನ್ನು ಅವರು ಗಮನಿಸಲಿಲ್ಲ. ಕನ್ನಡ, ಮರಾಠಿ, ಉರ್ದು ಶಾಲೆಗಳಿಂದ ಬಂದ ಮೂವರು ಹುಡುಗರಿಗೆ ಪ್ರೋಗ್ರಾಂ ಬರೆಯುವುದು ಅಷ್ಟೇನೂ ಭಾರವಲ್ಲ. ಅದರ ಇಂಗ್ಲಿಷು ಕೆಲವೇ ಶಬ್ದಗಳದ್ದು. ಭಾರವಾಗುವುದು ‘ನಿಮ್ಮ ಬಗ್ಗೆ ಹೇಳಿ’ ಎಂಬ ಸಂದರ್ಶನದ ಮೊದಲ ಪ್ರಶ್ನೆ. ಕೋಡಿಂಗ್ ಸುತ್ತಿನಲ್ಲಿ ಗೆದ್ದು ಮಾತಿನ ಸುತ್ತಿನಲ್ಲಿ ಸೋತವರ ಕಥೆ ಈ ಭಾಗದ ಪ್ರತಿ ಹಾಸ್ಟೆಲಿನಲ್ಲೂ ಇದೆ. ಆ ಕಥೆ ಕೇಳಿದ ಕಿರಿಯರು ಕ್ಷೇತ್ರವನ್ನು ಬಿಡುವುದಿಲ್ಲ, ಕ್ಷೇತ್ರದೊಳಗಿನ ಆಸೆಯನ್ನು ಇಳಿಸಿಕೊಳ್ಳುತ್ತಾರೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆಯೂ ಈ ಇಳಿಸುವಿಕೆಗೆ ಒಂದಿಷ್ಟು ಹೊಣೆ. ಬೆಂಗಳೂರು ವಿಭಾಗದವರದ್ದು 1ರಿಂದ, ಬೆಳಗಾವಿಯವರದ್ದು 2ರಿಂದ, ಕಲಬುರಗಿಯವರದ್ದು 3ರಿಂದ, ಮೈಸೂರಿನವರದ್ದು 4ರಿಂದ ಆರಂಭ. ದೊಡ್ಡ ಊರಿನಲ್ಲಿ ನಡೆಯುವ ಪೂಲ್ ಕ್ಯಾಂಪಸ್‌ಗೆ ರಾತ್ರಿ ಬಸ್ಸಿನಲ್ಲಿ ಬಂದಿಳಿದ ಹುಡುಗ ಅರ್ಜಿಯಲ್ಲಿ ತನ್ನ ಸಂಖ್ಯೆ ಬರೆಯುವಾಗ ಆ 3 ಅವನಿಗೆ ಊರಿನ ಹೆಸರಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಬೆಂಗಳೂರಿನ ಕಾಲೇಜನ್ನು ಪಟ್ಟಿಯ ಮೇಲೆ ಹಾಕುವುದಕ್ಕೆ ಪಾಠದ ಗುಣಮಟ್ಟಕ್ಕಿಂತ ಈ ಒಂದು ಅಂಕಿ ಹೆಚ್ಚು ಕಾರಣ ಎಂದರೆ ಅತಿಶಯವಾಗದು.

ಪದವಿ ಕಾಲೇಜುಗಳ ಬಿ.ಸಿ.ಎ., ಬಿ.ಎಸ್‌ಸಿ. ಮಕ್ಕಳನ್ನು ಇಂಥ ಚರ್ಚೆಗಳು ಮರೆಯುತ್ತವೆ. 2023ರಲ್ಲಿ ಬೀದರ್ ವಿಶ್ವವಿದ್ಯಾಲಯ ಹುಟ್ಟುವವರೆಗೆ ಈ ಕಾಲೇಜುಗಳು ಗುಲ್ಬರ್ಗಾ ವಿಶ್ವವಿದ್ಯಾಲಯದ ತೆಕ್ಕೆಯಲ್ಲಿದ್ದವು. ಬಿ.ಇ. ಶುಲ್ಕ ಕಟ್ಟಲಾಗದ, ಸಿ.ಇ.ಟಿ.ಯಲ್ಲಿ ಎಡವಿದ, ಊರು ಬಿಡಲಾಗದ ಮಕ್ಕಳು ಇಲ್ಲಿಗೆ ಬರುತ್ತಾರೆ. ಅವರ ಪಾಲಿಗೆ ವಿಪ್ರೊ ನಡೆಸುವ, ಬಿ.ಸಿ.ಎ., ಬಿ.ಎಸ್‌ಸಿ. ಮುಗಿಸಿದವರನ್ನು ಕೆಲಸಕ್ಕೆ ಸೇರಿಸಿಕೊಂಡು ಜೊತೆಗೇ ಎಂ.ಟೆಕ್. ಓದಿಸುವ ಯೋಜನೆ ದೊಡ್ಡ ಆಕರ್ಷಣೆ. ಸಂಬಳವೂ ಬರುತ್ತದೆ, ಪದವಿಯೂ ಬರುತ್ತದೆ. 2024-25ರಿಂದ ಬಿ.ಸಿ.ಎ. ಕೂಡ ತಾಂತ್ರಿಕ ಶಿಕ್ಷಣ ಮಂಡಳಿಯ ವ್ಯಾಪ್ತಿಗೆ ಬಂತು. ಅದೇ ಹೊತ್ತಿಗೆ ಮಂಡಳಿ, ಚೆನ್ನಾಗಿ ನಡೆಯುವ ಇಂಜಿನಿಯರಿಂಗ್ ಕಾಲೇಜುಗಳ ಶಾಖೆಗಳಿಗಿದ್ದ ಸೀಟಿನ ಮಿತಿಯನ್ನು ತೆಗೆಯಿತು. ಬೆಂಗಳೂರಿನ ಕಾಲೇಜುಗಳಲ್ಲಿ ಸಿ.ಎಸ್. ಸೀಟು ಉಬ್ಬಿದಷ್ಟೂ ಬಸವಕಲ್ಯಾಣದಂಥ ಕಡೆಯ ಸಿವಿಲ್, ಮೆಕ್ಯಾನಿಕಲ್ ಬೆಂಚುಗಳು ಖಾಲಿಯಾಗುತ್ತವೆ. ಆಟೋನಗರ ಕೂಗಳತೆಯಲ್ಲಿದ್ದೂ ಮೆಕ್ಯಾನಿಕಲ್ ಕೇಳುವವರಿಲ್ಲ ಎಂಬುದು ಈ ಊರಿನ ಒಂದು ವಿಪರ್ಯಾಸ. ಇದನ್ನು ಹುಡುಗರ ಹುಚ್ಚು ಎನ್ನುವವರು ಆಟೋನಗರದಲ್ಲಿ ಒಬ್ಬ ಪದವೀಧರ ಇಂಜಿನಿಯರನಿಗೆ ಯಾವ ಕುರ್ಚಿ ಇದೆ ಎಂದು ತೋರಿಸಬೇಕಾಗುತ್ತದೆ.

ಕಾಣದಿದ್ದ ಕೆಲಸ ಮೊದಲ ಬಾರಿಗೆ ಕಣ್ಣಿಗೆ ಬಿದ್ದದ್ದು 2020ರಲ್ಲಿ. ಲಾಕ್‌ಡೌನಿನಲ್ಲಿ ಹೈದರಾಬಾದ್, ಪುಣೆ, ಬೆಂಗಳೂರುಗಳಿಂದ ಅಣ್ಣಂದಿರು, ಅಕ್ಕಂದಿರು ಲ್ಯಾಪ್‌ಟಾಪ್ ಹೊತ್ತು ಊರಿಗೆ ಬಂದರು. ಪಡಸಾಲೆಯ ಮಂಚ ಕಚೇರಿಯಾಯಿತು. ಸಿಗ್ನಲ್ ಹುಡುಕಿ ಮಾಳಿಗೆ ಹತ್ತಿದರು, ಕರೆಂಟು ಹೋದಾಗ ಟ್ರ್ಯಾಕ್ಟರ್ ಬ್ಯಾಟರಿಯ ಕಡೆ ನೋಡಿದರು. ಮನೆಯವರು ಬೆರಗಾದದ್ದು ಕೆಲಸದ ಗಾತ್ರಕ್ಕೆ. ಇವನು ಬೆಳಗಿನಿಂದ ರಾತ್ರಿಯವರೆಗೆ ಕೂತೇ ಇರುತ್ತಾನೆ. ಊಟಕ್ಕೆ ಕರೆದರೆ ‘ಕಾಲ್‌ನ್ಯಾಗ ಇದ್ದೀನಿ’ ಎನ್ನುತ್ತಾನೆ. ಮುಖ ಕಾಣದ ಯಾರೋ ಇಂಗ್ಲಿಷಿನಲ್ಲಿ ಬೈಯುತ್ತಾರೆ, ಇವನು ‘ಶ್ಯೂರ್, ಶ್ಯೂರ್’ ಎನ್ನುತ್ತಾನೆ. ಆಗ ಪಿ.ಯು.ಸಿ. ಓದುತ್ತಿದ್ದ ತಮ್ಮ, ತಂಗಿಯರು ಪಕ್ಕದಲ್ಲೇ ಕೂತು ಪರದೆಯನ್ನು ನೋಡಿದರು. ಕೆಲವರಿಗೆ ಅದೇ ಮೊದಲ ಪಾಠ. ‘ಇದೇನಣ್ಣಾ, ಬರೇ ಕೆಂಪು ಗೆರಿ ಬರ್‌ಲತ್ತಾವ’ ಎಂದು ಕೇಳಿ ದೋಷ ಹುಡುಕುವುದನ್ನು ಕಲಿತರು. ಕೆಲವರು ಈ ಸಹವಾಸ ಬೇಡವೆಂದು ಕೃಷಿ ಬಿ.ಎಸ್‌ಸಿ.ಗೆ ಹೋದರು. ಎರಡೂ ನೋಡಿ ಮಾಡಿದ ಆಯ್ಕೆಗಳು.

ಸಂಬಳದ ಲೆಕ್ಕವೂ ಆಗಲೇ ಮನೆಗೆ ತಿಳಿಯಿತು. ದೊಡ್ಡ ಸೇವಾ ಕಂಪನಿಗಳು ಹೊಸಬರಿಗೆ 2010ರ ಸುಮಾರಿನಲ್ಲಿ ವರ್ಷಕ್ಕೆ ಮೂರು ಲಕ್ಷ ಚಿಲ್ಲರೆ ಕೊಡುತ್ತಿದ್ದವು. ಹದಿನೈದು ವರ್ಷದ ಮೇಲೂ ಅದು ಮೂರೂವರೆ ಲಕ್ಷದ ಸುತ್ತಲೇ ಇದೆ. ಬೆಂಗಳೂರಿನ ಬಾಡಿಗೆ ಅಲ್ಲಿ ನಿಂತಿಲ್ಲ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. 2025ರ ಜುಲೈನಲ್ಲಿ ಟಿ.ಸಿ.ಎಸ್. ತನ್ನ ಸಿಬ್ಬಂದಿಯಲ್ಲಿ ಶೇ. 2ರಷ್ಟು, ಎಂದರೆ ಹನ್ನೆರಡು ಸಾವಿರದಷ್ಟು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಆ ಸುದ್ದಿ ಹುಮನಾಬಾದಿನ ಚಹಾದಂಗಡಿಗೆ ಬೆಂಗಳೂರಿನಷ್ಟೇ ಬೇಗ ತಲುಪಿತು, ಏಕೆಂದರೆ ಪ್ರತಿ ಅಂಗಡಿಯಲ್ಲೂ ಯಾರಾದರೊಬ್ಬರ ಮಗನೋ ಸೊಸೆಯೋ ಇಂಥ ಕಂಪನಿಯಲ್ಲಿದ್ದಾರೆ. ಆದರೂ ಮರು ವರ್ಷ ಪಟ್ಟಿಯ ಮೇಲೆ ಸಿ.ಎಸ್. ಇದ್ದೇ ಇರುತ್ತದೆ. ಬೇರೆ ಯಾವ ಬಾಗಿಲಿನ ಬಗ್ಗೆಯಾದರೂ ಇದಕ್ಕಿಂತ ಒಳ್ಳೆಯ ಸುದ್ದಿ ಬಂದಿದ್ದರಲ್ಲವೇ ಪಟ್ಟಿ ಬದಲಾಗುವುದು.

ಆನ್‌ಲೈನ್ ಸೆಂಟರಿನಲ್ಲಿ ಕೀಲಿಮಣೆಯ ಮುಂದೆ ಕೂತವನನ್ನು ಆ ಗದ್ದಲದಲ್ಲಿ ಯಾರೂ ನೋಡುವುದಿಲ್ಲ. ಇಂಥ ಸೆಂಟರ್ ಇಟ್ಟವರಲ್ಲಿ ಬಿ.ಸಿ.ಎ. ಮಾಡಿದವರು, ಬಿ.ಇ. ಮುಗಿಸಿ ಊರಿಗೆ ಮರಳಿದವರು ಕಡಿಮೆಯಿಲ್ಲ. ನುಡಿ ತಂತ್ರಾಂಶದಲ್ಲಿ ಮದುವೆಯ ಕಾರ್ಡು ಟೈಪ್ ಮಾಡುವುದು, ಅದು ಯುನಿಕೋಡಿಗೆ ಹೋದಾಗ ಒಡೆದ ಒತ್ತಕ್ಷರ ಸರಿಪಡಿಸುವುದು, ಸೇವಾಸಿಂಧು ಸರ್ವರ್ ಕೈಕೊಟ್ಟಾಗ ರಾತ್ರಿ ಹನ್ನೊಂದಕ್ಕೆ ಮತ್ತೆ ಪ್ರಯತ್ನಿಸುವುದು, ಇನ್ನೂರು ಕೆ.ಬಿ. ಮೀರಿದ ಫೋಟೋ ಕುಗ್ಗಿಸುವುದು, ಒಂದು ತಾಲ್ಲೂಕಿನ ಅರ್ಧ ಜನರ ದಾಖಲೆಗಳನ್ನು ತಪ್ಪಿಲ್ಲದೆ ಸರ್ಕಾರಕ್ಕೆ ಮುಟ್ಟಿಸುವುದು, ಇಷ್ಟೂ ಅವನ ದಿನಚರಿ. ಹನ್ನೆರಡನೆಯ ಶತಮಾನದಲ್ಲಾದರೆ ಅವನನ್ನು ಕರಣಿಕ ಎನ್ನುತ್ತಿದ್ದರು. ಪಟ್ಟಿ ಮುಗಿದು ಪ್ರಿಂಟರಿನಿಂದ ಹಾಳೆ ಹೊರಬರುವಾಗ ಹುಡುಗ ಸುಮ್ಮನಿರಲಾರದೆ ಕೇಳುವುದುಂಟು: ‘ಅಣ್ಣಾ, ನೀ ಏನ್ ಓದೀದಿ?’

‘ಇದೇ’ ಎಂದು ಅವನು ಪರದೆಯ ಮೇಲಿನ ಮೊದಲ ಆಪ್ಷನ್ ತೋರಿಸುತ್ತಾನೆ. ಅಪ್ಪ ಜೇಬಿನಿಂದ ದುಡ್ಡು ತೆಗೆಯುತ್ತಾ ಒಂದು ಗಳಿಗೆ ನಿಲ್ಲುತ್ತಾನೆ.